ಕುಡಿ ಚೂಟುವ ಸುಖ

ನಮ್ಮ ತಾರಸಿಗೆ ಬಂದವರೆಲ್ಲ ಸೋರೆಬಳ್ಳಿಯ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ. “ಅಯ್ಯೋ, ಅಷ್ಟು ಚೆನ್ನಾಗಿ ಬರ್ತಿತ್ತಲ್ಲ ಸಾರ್, ಯಾಕೆ ತುದಿ ಕಿತ್ತಾಕ್ಬಿಟ್ರಿ?” ದನಿಯಲ್ಲಿ ನಿಜವಾದ ನೋವಿರುತ್ತದೆ. ಕೇಳುವವರು ಗಿಡಗಳ ಮೇಲೆ ಪ್ರೀತಿ ಇರುವವರೇ. ತಮ್ಮ ಮನೆಯ ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡವರು, ಊರಿಗೆ ಹೋದಾಗ ನೀರು ಹಾಕಲು ಪಕ್ಕದವರಿಗೆ ಹೇಳಿ ಹೋಗುವವರು. ಆದ್ದರಿಂದಲೇ ನನಗೆ ಆ ಪ್ರಶ್ನೆ ಸ್ವಲ್ಪ ಕಿರಿಕಿರಿ ಮಾಡುತ್ತದೆ. ಗಿಡವನ್ನು ಇಷ್ಟು ಪ್ರೀತಿಸುವವರು ಅದರ ಎತ್ತರವನ್ನೇ ಏಕೆ ಇಷ್ಟೊಂದು ಪ್ರೀತಿಸುತ್ತಾರೆ?

ದಾಸವಾಳ ಎರಡನೇ ಮಹಡಿ ಮುಟ್ಟಿತು ಎಂದು ಹೇಳುವಾಗ ಮುಖದ ಮೇಲೆ ಬರುವ ಹೆಮ್ಮೆಯನ್ನು ನಾನು ಬಹಳ ಕಡೆ ನೋಡಿದ್ದೇನೆ. ಹೂ ಎಷ್ಟು ಬಿಡುತ್ತದೆ ಎಂದು ಕೇಳಿದರೆ, “ಹೂವಾ? ಮೇಲ್ಗಡೆ ಒಂದೆರಡು ಇರುತ್ತೆ, ಕೈಗೆ ಸಿಗಲ್ಲ” ಎಂಬ ಉತ್ತರ ಬರುತ್ತದೆ. ಮಲ್ಲಿಗೆ ಬಳ್ಳಿ ಕಿಟಕಿಯ ಸರಳು ಹಿಡಿದು ಮೇಲಿನ ಮನೆಯವರ ತಾರಸಿಗೆ ಹೋಗಿ ಅಲ್ಲಿ ಅರಳುತ್ತದೆ. ಬುಡಕ್ಕೆ ನೀರು, ಗೊಬ್ಬರ, ಬೇವಿನ ಹಿಂಡಿ ಎಲ್ಲ ಹಾಕಿದವರು ಕೆಳಗೆ ನಿಂತು ಪರಿಮಳ ಮಾತ್ರ ತೆಗೆದುಕೊಳ್ಳುತ್ತಾರೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಸವರಿದಷ್ಟೂ ಹೊಸ ಚಿಗುರು, ಚಿಗುರು ಬಂದಷ್ಟೂ ಮೊಗ್ಗು. ಉಡುಪಿಯ ಶಂಕರಪುರದಲ್ಲಿ ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ, ಅಟ್ಟೆಯ ಲೆಕ್ಕದಲ್ಲಿ ಮಾರುವ ಮನೆಗಳ ಅಂಗಳಕ್ಕೆ ಹೋಗಿ ನೋಡಿ. ಸೊಂಟದೆತ್ತರ ದಾಟದ ಗಿಡಗಳು. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಬಿಡಿಸುವ ಹೆಂಗಸರ ಕೈಗೆ ನಿಲುಕುವಷ್ಟೇ ಎತ್ತರ ಅವಕ್ಕೆ.

ಕುಡಿ ಚೂಟುವುದರಲ್ಲಿ ಒಂದು ಸುಖವಿದೆ, ಅದನ್ನು ಮೊದಲು ಹೇಳಬೇಕು. ಹೆಬ್ಬೆರಳಿನ ಉಗುರು ಮತ್ತು ತೋರುಬೆರಳಿನ ನಡುವೆ ಎಳೆಯ ತುದಿಯನ್ನು ಹಿಡಿದರೆ ಅದು ತಣ್ಣಗೆ ಇರುತ್ತದೆ. ಒತ್ತಿದರೆ ‘ಚಟ್’ ಎಂದು ಸಣ್ಣ ಸದ್ದು. ಆಮೇಲೆ ವಾಸನೆ. ಟೊಮೇಟೊದ ಕುಡಿ ಮುರಿದರೆ ಹಸಿರು ಘಾಟು ಬೆರಳಿಗೆ ಹತ್ತಿ, ಕೈ ತೊಳೆದರೂ ಹೋಗುವುದಿಲ್ಲ. ತುಳಸಿಯದು ತಲೆಗೇರುವ ಪರಿಮಳ. ಕುಂಬಳಕ್ಕೆ ಹೇಳಿಕೊಳ್ಳುವಂಥ ವಾಸನೆ ಇಲ್ಲ, ಅದರ ನವಿರಾದ ಮುಳ್ಳು ಬೆರಳನ್ನು ಚುಚ್ಚುತ್ತದೆ. ಕಡಲೆಯ ಕುಡಿ ಮಾತ್ರ ಹುಳಿ. ಬೆರಳು ನೆಕ್ಕಿದರೆ ನಾಲಿಗೆ ಝುಮ್ಮೆನ್ನುವಷ್ಟು ಹುಳಿ.

ಆ ಹುಳಿಯನ್ನು ನಾನು ಮೊದಲು ಕಂಡದ್ದು ಗದಗದ ಕಡೆಯ ನಮ್ಮೂರಿನ ಎರೆಹೊಲದಲ್ಲಿ. ಹಿಂಗಾರಿ ಮಳೆ ಆದ ಮೇಲೆ ಬಿತ್ತಿದ ಕಡಲೆ ನೆಲದೊಳಗಿನ ಹಸಿಯನ್ನೂ ರಾತ್ರಿಯ ಇಬ್ಬನಿಯನ್ನೂ ನಂಬಿಕೊಂಡು ಬೆಳೆಯುತ್ತದೆ. ಗೇಣುದ್ದ ಆಗಿ ಮೈ ತುಂಬಿಕೊಳ್ಳುವ ಹೊತ್ತಿಗೆ ಚಳಿ ಬಿದ್ದಿರುತ್ತದೆ. ಆಗ ಅವ್ವ, ಚಿಗವ್ವ, ಓಣಿಯ ಹೆಂಗಸರೆಲ್ಲ ಉಡಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತಿದ್ದರು. ನಾವು ಹುಡುಗರು ಹಿಂದೆ. ಸಾಲಿನ ನಡುವೆ ಬಗ್ಗಿ ನಡೆಯುತ್ತ ಎರಡೂ ಕೈಯಿಂದ ಕುಡಿ ಚೂಟುತ್ತ ಹೋಗುವ ಅವರ ವೇಗ ನೋಡುವಂಥದ್ದು. ಮಾತು ನಿಲ್ಲುತ್ತಿರಲಿಲ್ಲ, ಕೈಯೂ ನಿಲ್ಲುತ್ತಿರಲಿಲ್ಲ. ಯಾರದೋ ಮಗಳ ಸೀಮಂತದ ಸುದ್ದಿ ಹೊಲದ ಈ ಬದುವಿನಲ್ಲಿ ಶುರುವಾಗಿ ಆ ಬದುವಿಗೆ ಮುಗಿಯುವ ಹೊತ್ತಿಗೆ ಉಡಿ ತುಂಬಿರುತ್ತಿತ್ತು.

“ಕುಡಿ ಅಷ್ಟ ಚೂಟ ತಮ್ಮಾ, ಬುಡಕ್ಕ ಕೈ ಹಾಕಬ್ಯಾಡ” ಎನ್ನುತ್ತಿದ್ದಳು ಅವ್ವ. “ಚೂಟಿದಷ್ಟೂ ಹಬ್ಬತೈತಿ ಅದು.”

ಕಡಲೆ ಗಿಡದ ಮೈಮೇಲೆಲ್ಲ ಸಣ್ಣ ರೋಮಗಳಿವೆ. ಅವು ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತವೆ. ಇಬ್ಬನಿ ಬಿದ್ದ ಬೆಳಗಿನಲ್ಲಿ ಹೊಲದೊಳಗೆ ಬರಿಗಾಲಲ್ಲಿ ನಡೆದರೆ ಕಾಲಿನ ಗೀರುಗಳೆಲ್ಲ ಚುರುಗುಟ್ಟುವುದು ಅದಕ್ಕೇ. ರಾತ್ರಿ ಬೆಳೆಯ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಅದನ್ನು ಹಿಂಡಿ, ಆ ಹುಳಿನೀರನ್ನು ಹೊಟ್ಟೆಯ ತೊಂದರೆಗೆ ಔಷಧವಾಗಿ ಇಟ್ಟುಕೊಳ್ಳುವ ಪದ್ಧತಿಯೂ ಹಿಂದೆ ಇತ್ತು. ನಮಗೆ ಅಷ್ಟು ದೂರ ಹೋಗುವ ಅಗತ್ಯ ಇರಲಿಲ್ಲ. ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಹಸಿ ಕಡ್ಲಿ ಪಲ್ಯ, ಮಗ್ಗುಲಲ್ಲಿ ಕೆಂಪು ಖಾರ, ಗುರೆಳ್ಳಿನ ಹಿಂಡಿ, ಎಣ್ಣೆಯ ನಾಲ್ಕು ಹನಿ. ಉಳಿದ ಸೊಪ್ಪನ್ನು ಅವ್ವ ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಬೇಸಿಗೆಯಲ್ಲಿ ಕಾಯಿಪಲ್ಯ ಸಿಗದ ದಿನ ಅದೇ ಬೇಳೆಯೊಳಗೆ ಬೆಂದು ತಾಟಿಗೆ ಬರುತ್ತಿತ್ತು. ಹೂ ಬಿಡಲು ಶುರುವಾದೊಡನೆ ಚೂಟುವುದು ಬಂದ್. ಆಮೇಲೆ ಆ ಹೊಲಕ್ಕೆ ಯಾರ ಕೈಯೂ ಇಳಿಯುತ್ತಿರಲಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಒಂದೊಂದು ಗಿಡವೂ ಬುಟ್ಟಿಯಗಲ ಹಬ್ಬಿ, ಟೊಂಗೆ ತುಂಬ ಗುಳ್ಳೆಗಾಯಿ ಹೊತ್ತಿರುತ್ತಿತ್ತು.

ಕುಡಿ ಚೂಟಿದರೆ ಗಿಡ ಏಕೆ ಹಬ್ಬುತ್ತದೆ ಎಂಬ ಪ್ರಶ್ನೆಯ ಹಿಂದೆ ದೊಡ್ಡ ದೊಡ್ಡವರು ತಮ್ಮ ವಯಸ್ಸು ಸವೆಸಿದ್ದಾರೆ. ಅವರಲ್ಲಿ ನನಗೆ ಬಹಳ ಹತ್ತಿರದವರು ಚಾರ್ಲ್ಸ್ ಡಾರ್ವಿನ್. ಜಗತ್ತು ಅವರನ್ನು ನೆನೆಯುವುದು ಜೀವವಿಕಾಸದ ಕಾರಣಕ್ಕೆ. ನಾನು ನೆನೆಯುವುದು ಕಾಯಿಲೆ ಬಿದ್ದು ಕೋಣೆಯಿಂದ ಹೊರಗೆ ಬರಲಾಗದೆ, ಕುಂಡದಲ್ಲಿ ಇಟ್ಟಿದ್ದ ಹಾಪ್ ಬಳ್ಳಿಯ ಕುಡಿ ಸುತ್ತುವುದನ್ನು ಹಗಲೂ ರಾತ್ರಿ ನೋಡುತ್ತ ಬರೆದಿಟ್ಟುಕೊಂಡ ಮನುಷ್ಯನನ್ನು. ಬಿಸಿ ಹವೆಯಲ್ಲಿ, ಹಗಲು ಹೊತ್ತು, ಅದರ ಕುಡಿ ಒಂದು ಸುತ್ತು ಮುಗಿಸಲು ಎರಡು ಗಂಟೆಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತಿತ್ತು. ಹಿಡಿಯಲು ಆಸರೆ ಸಿಗುವ ತನಕ ಬಳ್ಳಿ ಗಾಳಿಯಲ್ಲಿ ಕೈ ಆಡಿಸುತ್ತಲೇ ಇರುತ್ತದೆ ಎಂದು ಅವರು ಕಂಡುಕೊಂಡರು. ನನ್ನ ಹೀರೆಬಳ್ಳಿ ಸಂಜೆ ಒಂದು ದಿಕ್ಕಿಗಿದ್ದದ್ದು ಬೆಳಿಗ್ಗೆ ಇನ್ನೊಂದು ದಿಕ್ಕಿನ ತಂತಿ ಹಿಡಿದಿರುವುದನ್ನು ನೋಡಿದಾಗಲೆಲ್ಲ ಆ ಕೋಣೆಯ ನೆನಪು ಬರುತ್ತದೆ.

1880ರಲ್ಲಿ, ಎಪ್ಪತ್ತು ದಾಟಿದ ಡಾರ್ವಿನ್ ಮಗ ಫ್ರಾನ್ಸಿಸ್ ಜೊತೆ ಸೇರಿ ಸಸ್ಯಗಳ ಚಲನೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಹುಲ್ಲಿನ ಮೊಳಕೆಗಳ ತುದಿಗೆ ಪುಟ್ಟ ಟೊಪ್ಪಿಗೆ ಹಾಕಿ ಅವರು ಪರೀಕ್ಷೆ ಮಾಡಿದ್ದರು. ಬೆಳಕನ್ನು ಗುರುತಿಸುವುದು ತುದಿ, ಬಗ್ಗುವುದು ಅದರ ಕೆಳಗಿನ ಭಾಗ; ಹಾಗಾದರೆ ಮೇಲಿನಿಂದ ಕೆಳಕ್ಕೆ ಏನೋ ಒಂದು ಸುದ್ದಿ ಇಳಿಯುತ್ತಿರಬೇಕು ಎಂದು ಅವರ ತರ್ಕ. ಆ ಸುದ್ದಿ ಏನೆಂದು ತಿಳಿಯುವ ಹೊತ್ತಿಗೆ 1926 ಆಯಿತು. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಫ್ರಿಟ್ಸ್ ವೆಂಟ್ ಎಂಬ ತರುಣ ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಅಗರ್ ತುಂಡಿನ ಮೇಲೆ ಇಟ್ಟ. ತುದಿಯಿಂದ ಇಳಿದ ರಸ ಅಗರ್‌ನಲ್ಲಿ ಸೇರಿಕೊಂಡಿತು. ತುದಿ ಇಲ್ಲದ ಮೊಳಕೆಯ ಮೇಲೆ ಆ ಅಗರ್ ಇಟ್ಟರೆ ಮೊಳಕೆ ಮತ್ತೆ ಬೆಳೆಯಿತು. ಆಕ್ಸಿನ್ ಎಂದು ಹೆಸರು ಪಡೆದ ಆ ರಸ ಕಾಂಡದಲ್ಲಿ ಕೆಳಕ್ಕೆ ಇಳಿಯುತ್ತ ಎಲೆಯ ಕಂಕುಳಲ್ಲಿ ಮಲಗಿರುವ ಮೊಗ್ಗುಗಳನ್ನು ಏಳದಂತೆ ತಡೆಯುತ್ತದೆ ಎಂದು ಥೀಮನ್ ಮತ್ತು ಸ್ಕೂಗ್ ಎಂಬಿಬ್ಬರು 1930ರ ದಶಕದಲ್ಲಿ ತೋರಿಸಿದರು.

ಕೂಡುಕುಟುಂಬದ ಹಿರಿಯಣ್ಣ ಪಡಸಾಲೆಯಲ್ಲಿ ಕೂತಿರುವ ತನಕ ತಮ್ಮಂದಿರು ದನಿ ಎತ್ತುವುದಿಲ್ಲ. ಅವನ ಭಯದಿಂದ ಸುಮ್ಮನಿದ್ದಾರೆ ಎಂದು ಊರು ಅಂದುಕೊಳ್ಳುತ್ತದೆ. ಗಿಡದ ವಿಷಯದಲ್ಲೂ ಬಹುಕಾಲ ಹಾಗೇ ಅಂದುಕೊಂಡಿದ್ದರು. 2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಬಟಾಣಿ ಗಿಡದ ಕುಡಿ ಕತ್ತರಿಸಿ ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಆಕ್ಸಿನ್ ಕಡಿಮೆಯಾದ ಸುದ್ದಿ ಕೆಳಗಿನ ಮೊಗ್ಗಿಗೆ ಮುಟ್ಟುವ ಮೊದಲೇ ಆ ಮೊಗ್ಗು ಮಿಸುಕಾಡಿತ್ತು. ಅದನ್ನು ಎಬ್ಬಿಸಿದ್ದು ಸಕ್ಕರೆ. ಎಲೆಗಳು ತಯಾರಿಸಿದ ಸಕ್ಕರೆಯ ಬಹುಪಾಲನ್ನು ಬೆಳೆಯುವ ತುದಿ ತಾನೇ ಎಳೆದುಕೊಳ್ಳುತ್ತಿತ್ತು. ತುದಿ ಹೋದೊಡನೆ ಆ ಪಾಲು ಕೆಳಗಿನವರಿಗೆ ಹರಿಯಿತು. ಗದರಿಕೆಗಿಂತ ಮೊದಲು ಊಟದ ಲೆಕ್ಕ. ಇದನ್ನು ಓದಿದ ದಿನ ನನಗೆ ಬಹಳ ಸಂತೋಷವಾಯಿತು. ಅವ್ವನ ಉಡಿಗೆ ಬಿದ್ದ ಪ್ರತಿ ಕುಡಿಯೂ ಕೆಳಗೆ ಹಸಿದು ಕೂತಿದ್ದ ಮೊಗ್ಗುಗಳ ಪಾಲಿನ ಅನ್ನ ಬಿಟ್ಟುಕೊಟ್ಟು ಬಂದಿತ್ತು.

ತಾರಸಿಯ ಸೋರೆಗೆ ಬರುತ್ತೇನೆ. ಸೋರೆಯಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಹೆಣ್ಣುಹೂವಿನ ಕೆಳಗೆ ಬೆರಳ ತುದಿಯಷ್ಟು ಪುಟ್ಟ ಕಾಯಿ ಹುಟ್ಟುವಾಗಲೇ ಇರುತ್ತದೆ. ಬೀಜದಿಂದ ಎದ್ದ ಮುಖ್ಯ ಬಳ್ಳಿ ಹೆಚ್ಚಾಗಿ ಗಂಡುಹೂಗಳನ್ನೇ ಬಿಡುತ್ತ ಓಡುತ್ತದೆ. ಹೆಣ್ಣುಹೂ ಹೆಚ್ಚು ಬರುವುದು ಪಕ್ಕದ ಕವಲುಗಳಲ್ಲಿ, ಆ ಕವಲಿನ ಕವಲುಗಳಲ್ಲಿ. ಆ ಕವಲುಗಳನ್ನು ಬರಿಸುವ ಕೆಲಸಕ್ಕೆ ಬೆಂಗಳೂರಿನ ತಾರಸಿ ತೋಟದವರು ‘ತ್ರೀಜಿ ಕಟಿಂಗ್’ ಎನ್ನುತ್ತಾರೆ. ಮೊದಲ ಬಳ್ಳಿಯ ತುದಿ ಚೂಟಿ, ಬಂದ ಕವಲಿನ ತುದಿಯನ್ನೂ ಚೂಟಿ, ಮೂರನೆಯ ತಲೆಮಾರಿನ ಕವಲಿಗೆ ಕಾಯುವುದು. ಹದಿನೈದು ಅಡಿ ಓಡಿ ಖಾಲಿ ಕೈಯಲ್ಲಿ ನಿಲ್ಲುವ ಬಳ್ಳಿಗಿಂತ, ಚಪ್ಪರದ ಮೇಲೆ ಅಡ್ಡಡ್ಡ ಹರಡಿ ಕಾಯಿ ಇಳಿಬಿಡುವ ಬಳ್ಳಿ ಮನೆಗೆ ಹೆಚ್ಚು ಬೇಕಾದದ್ದು.

ಸೋರೆಯ ಹೂ ಬಿಳಿ, ಅರಳುವುದು ಸಂಜೆ. ಬೀದಿದೀಪ ಹತ್ತುವ ಹೊತ್ತಿಗೆ ತಾರಸಿ ಹತ್ತಿ, ಒಂದು ಗಂಡುಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣುಹೂವಿನ ನಡುವೆ ಮೆಲ್ಲಗೆ ಮುಟ್ಟಿಸುತ್ತೇನೆ. ಊರಲ್ಲಾದರೆ ರಾತ್ರಿಯ ಪತಂಗಗಳು ಈ ಕೆಲಸ ಮಾಡುತ್ತವೆ. ನಾಲ್ಕನೇ ಮಹಡಿಗೆ ಅವು ಬರುವುದು ಅಪರೂಪ. ಕುಂಬಳದ್ದು ಬೇರೆ ಸಮಯ, ಅದು ಬೆಳಗಿನ ಜಾವ ಹಳದಿಯಾಗಿ ಅರಳಿ ಬಿಸಿಲೇರುವ ಮೊದಲೇ ಮುದುಡುತ್ತದೆ. ಹೀಗಾಗಿ ಬಳ್ಳಿ ಬೆಳೆಸುವವರ ದಿನದ ಎರಡು ತುದಿಯಲ್ಲೂ ಹೂವಿನ ಕೆಲಸ ಇರುತ್ತದೆ. ಚೂಟಿದ ಕುಂಬಳದ ಕುಡಿಯನ್ನು ಬಿಸಾಡುವುದು ಪಾಪ. ಎಳೆಯ ಎಲೆ, ಸುರುಳಿ ಬಳ್ಳಿ, ದಂಟಿನ ನಾರು ತೆಗೆದು ಸಣ್ಣಗೆ ಹೆಚ್ಚಿ ಪಲ್ಯ ಮಾಡಬಹುದು. ಮಲೆನಾಡಿನ ಗೆಳೆಯನೊಬ್ಬನ ಮನೆಯಲ್ಲಿ ಅದರ ತಂಬುಳಿ ಮಾಡುತ್ತಾರೆ. ಬೆಳೆ ಹೆಚ್ಚಿಸುವ ಕೆಲಸವೇ ಮೊದಲು ಒಂದು ಊಟ ಕೊಡುತ್ತದೆ ಎಂಬುದು ಕಡಲೆ ಹೊಲದಲ್ಲೂ ನಿಜ, ಕುಂಬಳದ ಚಪ್ಪರದಲ್ಲೂ ನಿಜ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾನು ಸಾಲೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಕೇಳಿದ್ದೇನೆ. ಹೇಳಿದವರೆಲ್ಲ ಮಕ್ಕಳ ಬಗ್ಗೆ ಹೇಳುತ್ತಿದ್ದರು, ಒಬ್ಬರಾದರೂ ಗಿಡದ ಬಗ್ಗೆ ಹೇಳಲಿಲ್ಲ. ಮಕ್ಕಳನ್ನು ಬಗ್ಗಿಸುವ ಮಾತು ನನಗೆ ಒಗ್ಗುವುದಿಲ್ಲ. ಮಗು ಎಲ್ಲಿ ಫಲ ಬಿಡುತ್ತದೆಂದು ಹೆತ್ತವರಿಗೂ ಗೊತ್ತಿರುವುದಿಲ್ಲ. ಗಿಡದ ಮಟ್ಟಿಗೆ ಹೇಳುವುದಾದರೆ ಮರವೂ ಬಗ್ಗುತ್ತದೆ. ಪೇರಲ ಮರದ ಎತ್ತರದ ಕೊಂಬೆಗಳನ್ನು ಹಗ್ಗ ಕಟ್ಟಿ ನೆಲದ ಕಡೆಗೆ ಬಗ್ಗಿಸಿ ಗೂಟಕ್ಕೆ ಬಿಗಿದರೆ, ಕೊಂಬೆಯ ಉದ್ದಕ್ಕೂ ಮಲಗಿದ್ದ ಮೊಗ್ಗುಗಳು ಒಡೆದು ಹೊಸ ಚಿಗುರು ಬರುತ್ತದೆ. ಪೇರಲದ ಹೂ ಬರುವುದೇ ಹೊಸ ಚಿಗುರಿನಲ್ಲಿ. ಬುಡದಲ್ಲಿ ಕೂತು ಕೈ ಚಾಚಿದರೆ ಹಣ್ಣು ಸಿಗುತ್ತದೆ. ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಯ ಮೊಗ್ಗೊಂದೇ ಎಲ್ಲಕ್ಕಿಂತ ಎತ್ತರ. ಅಡ್ಡ ಮಲಗಿಸಿದ ಕೊಂಬೆಯಲ್ಲಿ ಎಲ್ಲ ಮೊಗ್ಗುಗಳೂ ಒಂದೇ ಎತ್ತರಕ್ಕೆ ಬರುತ್ತವೆ, ಬಿಸಿಲೂ ಎಲ್ಲಕ್ಕೂ ಬೀಳುತ್ತದೆ. ಕತ್ತರಿ ಮುಟ್ಟದೆಯೇ ಕುಡಿ ಚೂಟಿದ ಫಲ ಸಿಗುತ್ತದೆ.

ಸವಣೂರಿನ ಎಲೆತೋಟಗಳಲ್ಲಿ ಇನ್ನೂ ಚೆಂದದ ಕೆಲಸ ಕಾಣಸಿಗುತ್ತದೆ. ನುಗ್ಗೆ, ಚೊಗಚಿ ಮರಗಳನ್ನು ಹಿಡಿದು ಎತ್ತರಕ್ಕೆ ಏರಿದ ವೀಳ್ಯದೆಲೆ ಬಳ್ಳಿಯನ್ನು ಮೇಲಿನಿಂದ ಬಿಡಿಸಿ, ಕೆಳಕ್ಕೆ ಇಳಿಸಿ, ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚುತ್ತಾರೆ. ಮುಪ್ಪಾದ ಬಳ್ಳಿ ಗಣ್ಣುಗಳಲ್ಲಿ ಬೇರು ಬಿಟ್ಟು, ಮತ್ತೆ ಎಳೆಯದಾಗಿ ಮೇಲೇರಲು ಶುರು ಮಾಡುತ್ತದೆ. ಎಲೆ ಮತ್ತೆ ಅಗಲ, ಮತ್ತೆ ಮೃದು. ವಯಸ್ಸಾದ ಮೇಲೂ ಬಗ್ಗಿ ಮತ್ತೆ ಚಿಗುರುವುದನ್ನು ನೋಡಬೇಕೆಂದರೆ ಅಲ್ಲಿಗೆ ಹೋಗಬೇಕು.

ವಿಜಯಪುರದ ಕಡೆಯ ನಮ್ಮ ಬೀಗರಿಗೆ ದ್ರಾಕ್ಷಿ ತೋಟವಿದೆ. ಅಲ್ಲಿಯ ವರ್ಷ ಎರಡು ಚಾಟಣಿಗಳ, ಅಂದರೆ ಸವರುವಿಕೆಗಳ, ನಡುವೆ ಉರುಳುತ್ತದೆ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ. ಏಪ್ರಿಲ್ ಚಾಟಣಿಯಲ್ಲಿ ಬಳ್ಳಿಯನ್ನು ಹೆಚ್ಚುಕಡಿಮೆ ಬೋಳು ಮಾಡುತ್ತಾರೆ. ಆ ಕಡುಬಿಸಿಲಿನಲ್ಲಿ ಎಳೆ ಚಿಗುರು ಬಂದು ಕಡ್ಡಿಯಾಗುವಾಗ, ಆ ಕಡ್ಡಿಯ ಕಣ್ಣೊಳಗೆ ಮುಂದಿನ ಗೊಂಚಲು ಸದ್ದಿಲ್ಲದೆ ರೂಪ ತಾಳುತ್ತದೆ. ಅಕ್ಟೋಬರ್ ಚಾಟಣಿ ಅದನ್ನು ಹೊರಗೆ ತರುತ್ತದೆ. “ಹಣ್ಣು ಈಗ ಕಾಣ್ತಾವ್ರೀ, ಆದರ ಅವು ಹುಟ್ಟಿದ್ದು ಬ್ಯಾಸಗಿಯೊಳಗ” ಎಂದು ಬೀಗರು ಹೇಳಿದ್ದು ನನಗೆ ಮರೆಯುವುದಿಲ್ಲ. ಯಾವ ಕಡ್ಡಿಯಲ್ಲಿ ಎಷ್ಟನೆಯ ಕಣ್ಣಿನ ಮೇಲೆ ಕತ್ತರಿ ಇಡಬೇಕು ಎಂಬುದರಲ್ಲಿದೆ ಅವರ ಜಾಣ್ಮೆಯೆಲ್ಲ. ಒಂದೆರಡು ಕಣ್ಣು ಹಿಂದೆ ಮುಂದೆ ಆದರೆ ಬಳ್ಳಿ ಹಸಿರಾಗಿ ನಗುತ್ತದೆ, ಗೊಂಚಲು ಇರುವುದಿಲ್ಲ.

ಮೂಡಿಗೆರೆಯ ಕಾಫಿ ತೋಟದಲ್ಲಿ ಇದೇ ಕೆಲಸಕ್ಕೆ ಗಿಡಗಸಿ ಎನ್ನುತ್ತಾರೆ. ಅರೇಬಿಕಾ ಗಿಡ ಸುಮಾರು 2.5 ಅಡಿ ಎತ್ತರವಾದಾಗ ಮೊದಲ ಸಲ ನೆತ್ತಿ ಮುರಿಯುತ್ತಾರೆ. ಕಾಫಿ ಹಣ್ಣಾಗುವುದು ಅಡ್ಡರೆಕ್ಕೆಗಳಲ್ಲಿ. ನೆತ್ತಿ ಮುರಿದ ಮೇಲೆ ಕಾಂಡದಿಂದ ನೆಟ್ಟಗೆ ಎದ್ದು ಬರುವ ಕಂಬಚಿಗುರನ್ನು ಮತ್ತೆ ಮತ್ತೆ ತೆಗೆಯಬೇಕು. ಬಿಟ್ಟರೆ ಅದೇ ಎಲ್ಲ ಸಾರ ಹೀರುತ್ತದೆ. ಮಳೆ ಜಿನುಗುತ್ತಿರುವಾಗ ಗೊರಬು ಹೊದ್ದ ಹೆಂಗಸರು ಗಿಡದೊಳಗೆ ಕೈ ತೂರಿಸಿ ಕಣ್ಣು ಮುಚ್ಚಿದರೂ ತಪ್ಪದಂತೆ ಚಿಗುರು ಕೀಳುತ್ತಿದ್ದ ದಿನಗಳನ್ನು ಅಲ್ಲಿಯ ಹಿರಿಯರು ಈಗಲೂ ವರ್ಣಿಸುತ್ತಾರೆ.

ಈ ಎಲ್ಲ ಕೈಗಳೂ ನನಗೆ ಒಟ್ಟಿಗೆ ನೆನಪಾದದ್ದು ಕೆನಡಾದಲ್ಲಿ, ನಾನು ನಿರೀಕ್ಷಿಸದ ಒಂದು ಗಿಡದ ಮುಂದೆ. ತಂಗಿಯ ಮಗಳು ಒಂಟಾರಿಯೊ ಪ್ರಾಂತದ ಕಿಚನರ್‌ನಲ್ಲಿ ಇದ್ದಾಳೆ. ಅಲ್ಲಿಗೆ ಬೇಸಿಗೆಯಲ್ಲಿ ಹೋಗಿದ್ದಾಗ ಹಿತ್ತಲಲ್ಲಿ ಮೆಂತ್ಯ ಬಿತ್ತುವುದನ್ನು ನೋಡಿ ಪಕ್ಕದ ಮನೆಯ ಹಿರಿಯರು ಮಾತಿಗೆ ಬಂದರು. ಕೆಲಸದಿಂದ ನಿವೃತ್ತರಾದವರು, ಕೈಬೆರಳ ಸಂದಿಯಲ್ಲಿ ಮಣ್ಣು. ಬೇಲಿಯ ಆಚೆ ತಮ್ಮ ತೋಟ ತೋರಿಸಲು ಕರೆದರು. ಒಂದು ಕಡೆ ಟೊಮೇಟೊ ಸಾಲು. ಬೇಲಿಗೆ ಹೊಂದಿದ ಬಿಸಿಲಿನ ಮೂಲೆಯಲ್ಲಿ ದೊಡ್ಡ ಕುಂಡಗಳಲ್ಲಿ ನಾಲ್ಕು ಗಾಂಜಾ ಗಿಡ. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಒಂದು ಗಿಡ ಬೆಳೆಸಿದರೂ ಅಪರಾಧ. ಅಲ್ಲಿ 2018ರ ಅಕ್ಟೋಬರ್ 17ರಿಂದ ಅದು ಕಾನೂನಿನೊಳಗೆ ಬಂದಿದೆ. ಒಂದು ಮನೆಗೆ 4 ಗಿಡ, ಮನೆಯಲ್ಲಿ ಎಷ್ಟು ಜನ ವಯಸ್ಕರಿದ್ದರೂ ಅಷ್ಟೇ. ಕ್ವಿಬೆಕ್ ಪ್ರಾಂತದಲ್ಲಿ ಅದಕ್ಕೂ ಅವಕಾಶ ಇಲ್ಲ.

ನನಗೆ ಆ ಎಲೆಯ ಹೊಗೆಯ ಬಗ್ಗೆ ಆಸಕ್ತಿ ಇಲ್ಲ. ಗಿಡವನ್ನು ಅವರು ಸಿದ್ಧ ಮಾಡಿದ್ದ ರೀತಿಯನ್ನು ಮಾತ್ರ ಕಣ್ಣರಳಿಸಿ ನೋಡಿದೆ. ಹಾಗೇ ಬಿಟ್ಟರೆ ಆಳೆತ್ತರ ಮೀರಿ ನೆಟ್ಟಗೆ ಏರುವ ಜಾತಿ ಅದು. ಅವರು ಎಳೆಯದರಲ್ಲೇ ನೆತ್ತಿ ಚೂಟಿದ್ದರು. ಆಮೇಲೆ ಬಂದ ಕೊಂಬೆಗಳನ್ನು ಮೆತ್ತನೆಯ ದಾರದಿಂದ ಕುಂಡದ ಅಂಚಿಗೆ ಎಳೆದು ಕಟ್ಟಿ, ಮೇಲೆ ಒಂದು ಬಲೆ ಹಾಸಿ, ಅದರ ಕಣ್ಣುಗಳಿಂದ ಕುಡಿಗಳು ಒಂದೇ ಮಟ್ಟದಲ್ಲಿ ಏಳುವಂತೆ ಮಾಡಿದ್ದರು. ಕಾನೂನು ಗಿಡಗಳನ್ನು ಎಣಿಸುತ್ತದೆ, ಆದ್ದರಿಂದ ಬೆಳೆಯುವವರು ಇರುವ ನಾಲ್ಕರಲ್ಲೇ ಕೊಂಬೆ ಹೆಚ್ಚಿಸುವ ದಾರಿ ಹುಡುಕುತ್ತಾರೆ. ಆಗಸ್ಟ್‌ನಲ್ಲಿ ರಾತ್ರಿಗಳು ಉದ್ದವಾಗತೊಡಗಿದಾಗ ಅದು ಹೂ ಕಟ್ಟುತ್ತದಂತೆ. ಹಿಮ ಬೀಳುವ ಮೊದಲು ಕೊಯ್ಲು ಮುಗಿಸಬೇಕು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅವರು ಇಟ್ಟುಕೊಂಡಿದ್ದು ಹೆಣ್ಣನ್ನು ಮಾತ್ರ. ವಿವರಿಸುವಾಗ ಅವರ ಬೆರಳು ಗಿಡದೊಳಗೆ ಓಡಾಡುತ್ತಿದ್ದ ರೀತಿಯಲ್ಲಿ ವಿಜಯಪುರದ ಬೀಗರ ಕೈ ಇತ್ತು, ಅವ್ವನ ಕೈ ಇತ್ತು. ಡಾರ್ವಿನ್ ಕೋಣೆಯಲ್ಲಿ ಸುತ್ತುತ್ತಿದ್ದ ಹಾಪ್ ಬಳ್ಳಿ ಗಾಂಜಾದ ಕುಟುಂಬಕ್ಕೇ ಸೇರಿದ್ದು ಎಂಬುದು ಆಗಲೇ ನೆನಪಾಗಿ ಮೈ ನವಿರೆದ್ದಿತು.

ಅದೇ ಹಿರಿಯರು ಟೊಮೇಟೊ ಸಾಲಿಗೆ ಬಂದಾಗ ಮಾಡಿದ್ದು ತದ್ವಿರುದ್ಧ. ಅಲ್ಲಿ ನೆತ್ತಿಯನ್ನು ಮುಟ್ಟಲೇ ಇಲ್ಲ. ಎಲೆಯ ಕಂಕುಳಲ್ಲಿ ಬಂದ ಕವಲುಗಳನ್ನೆಲ್ಲ ಒಂದೊಂದಾಗಿ ಮುರಿದು, ಒಂದೇ ಕಾಂಡವನ್ನು ಗೂಟಕ್ಕೆ ಕಟ್ಟಿ ಮೇಲಕ್ಕೆ ಬಿಟ್ಟಿದ್ದರು. ಬಳ್ಳಿಯಂತೆ ಏರುವ ಆ ಟೊಮೇಟೊ ಜಾತಿ ಕಾಂಡದ ಉದ್ದಕ್ಕೂ ಗೊಂಚಲು ಬಿಡುತ್ತ ಹೋಗುತ್ತದೆ. ಕವಲು ಬಿಟ್ಟುಕೊಟ್ಟರೆ ಎಲೆಯ ಗೊಂಡಾರಣ್ಯವಾಗಿ ಹಣ್ಣು ಸಣ್ಣದಾಗುತ್ತದೆ, ತಡವಾಗುತ್ತದೆ. ಅಲ್ಲಿಯ ಬೇಸಿಗೆ ಚಿಕ್ಕದು, ತಡವಾದ ಹಣ್ಣು ಮಾಗುವುದೇ ಇಲ್ಲ. ಎರಡು ಮಾರು ಅಂತರದಲ್ಲಿ ಒಂದು ಗಿಡದ ನೆತ್ತಿ ಹೋಗಿ ಕವಲು ಉಳಿದಿತ್ತು, ಇನ್ನೊಂದರ ಕವಲು ಹೋಗಿ ನೆತ್ತಿ ಉಳಿದಿತ್ತು. ಎರಡೂ ಸರಿ.

ಅಲ್ಲಿ ನಿಂತಾಗ ನನಗೆ ಇಷ್ಟು ವರ್ಷ ಕಂಡದ್ದರ ತಿರುಳು ಸಿಕ್ಕಿತು. ಚೂಟುವುದು, ಸವರುವುದು, ಬಗ್ಗಿಸುವುದು, ಇಳಿಸುವುದು ಎಲ್ಲವೂ ಆಮೇಲಿನ ಕೆಲಸ. ಮೊದಲ ಕೆಲಸ ಈ ಗಿಡ ಎಲ್ಲಿ ಕಾಯಿ ಬಿಡುತ್ತದೆ ಎಂದು ತಿಳಿಯುವುದು. ಸೋರೆಗೆ ಕವಲಿನ ಕವಲು, ಮಲ್ಲಿಗೆಗೆ ಹೊಸ ಚಿಗುರು, ಕಾಫಿಗೆ ಅಡ್ಡರೆಕ್ಕೆ, ದ್ರಾಕ್ಷಿಗೆ ಬೇಸಿಗೆಯಲ್ಲಿ ಮಾಗಿದ ಕಡ್ಡಿಯ ಕಣ್ಣು. ಇದನ್ನು ತಿಳಿಯದೆ ಕತ್ತರಿ ಹಿಡಿದವರು ಫಲವನ್ನೇ ಕತ್ತರಿಸುತ್ತಾರೆ. ತಿಳಿದವರ ಕೈಯಲ್ಲಿ ಗಿಡ ಚಿಕ್ಕದಾದರೂ ಬುಟ್ಟಿ ದೊಡ್ಡದಾಗುತ್ತದೆ. ತಿಳಿಯುವುದಕ್ಕೆ ಒಂದು ಋತುವಿಡೀ ಒಂದೇ ಗಿಡದ ಮುಂದೆ ದಿನಾ ನಿಲ್ಲಬೇಕು.

ಕಲಬುರಗಿಯ ಕಡೆ ಈಗ ತೊಗರಿಯ ಕುಡಿ ಚಿವುಟುವುದನ್ನು ಕೃಷಿ ವಿಜ್ಞಾನಿಗಳು ರೈತರಿಗೆ ಹೇಳಿಕೊಡುತ್ತಿದ್ದಾರೆ. ಬಿತ್ತಿ ಸುಮಾರು 50 ದಿನವಾದಾಗ ತುದಿಯ ಕೆಲವು ಅಂಗುಲ ತೆಗೆದರೆ ಪಕ್ಕದ ಟೊಂಗೆ ಹೆಚ್ಚಿ ಕಾಯಿ ಹೆಚ್ಚುತ್ತದೆ. ಎಕರೆಗಟ್ಟಲೆ ಹೊಲದಲ್ಲಿ ಕೈಯಿಂದ ಆಗದ ಕೆಲಸಕ್ಕೆ ಬ್ಯಾಟರಿಯ ಪುಟ್ಟ ಯಂತ್ರಗಳೂ ಬಂದಿವೆ. ರೈತ ಅದನ್ನು ಹಿಡಿದು ಸಾಲಿನ ನಡುವೆ ನಡೆಯುವುದನ್ನು ನೋಡಿ ಹಿಗ್ಗಿದೆ. ಕಡಲೆಗೂ ಇದೇ ಸಲಹೆ ಕೊಡುತ್ತಾರೆ, ಹೂ ಬರುವ ಮೊದಲು ಕುಡಿ ಚಿವುಟಿ ಎಂದು. ನಮ್ಮೂರಿನ ಹೆಂಗಸರು ರೊಟ್ಟಿಗೆ ಪಲ್ಯ ಬೇಕೆಂದು ಹೊಲಕ್ಕೆ ಹೋದವರು. ಅವರಲ್ಲಿ ಬಹಳ ಮಂದಿ ಸಾಲೆಯ ಮುಖ ಕಂಡಿರಲಿಲ್ಲ. ಯಾವಾಗ ಚೂಟಬೇಕು, ಎಷ್ಟು ಚೂಟಬೇಕು, ಯಾವ ದಿನ ನಿಲ್ಲಿಸಬೇಕು ಎಂಬ ಮೂರೂ ಮಾತು ಅವರಿಗೆ ಗೊತ್ತಿತ್ತು. ಬೆಳೆಯ ಹೆಚ್ಚಳದ ಪಾಲಿನಲ್ಲಿ ಅವರ ಹೆಸರು ಯಾರೂ ಬರೆಯಲಿಲ್ಲ. ಹೊಲದ ಪಹಣಿಯಲ್ಲೂ ಅವರ ಹೆಸರಿರಲಿಲ್ಲ. ನನಗೆ ಇದು ಈಗಲೂ ನೋವಿನ ಸಂಗತಿ. ಕಡಲೆ ಕಣಕ್ಕೆ ಬಂದಾಗ ರಾಶಿ ಅಳೆದವರು ಗಂಡಸರು. ಆ ರಾಶಿಯ ಅರ್ಧವನ್ನು ಹೆಂಗಸರ ಉಗುರು ಬೆಳೆಸಿತ್ತು.

ನಿಮ್ಮ ಮನೆಯಲ್ಲಿ ಹೊಲ ಬೇಕಿಲ್ಲ, ತಾರಸಿಯೂ ಬೇಕಿಲ್ಲ. ತುಳಸಿ ಇದ್ದರೆ ಸಾಕು. ತೆನೆ ಬಿಟ್ಟು ಬೀಜ ಕಟ್ಟಿದ ತುಳಸಿ ತನ್ನ ಕೆಲಸ ಮುಗಿಯಿತೆಂದು ಎಲೆ ಉದುರಿಸಿ ಕಡ್ಡಿಯಾಗುತ್ತದೆ. ದ್ವಾದಶಿ, ಭಾನುವಾರ ಎಂದು ನಿಮ್ಮ ಮನೆಯ ಪದ್ಧತಿಯಲ್ಲಿ ಬಿಡುವ ದಿನಗಳನ್ನು ಬಿಟ್ಟು, ಉಳಿದ ಯಾವುದೇ ಬೆಳಿಗ್ಗೆ ತೆನೆಗಳನ್ನು ಚೂಟಿ ದೇವರಿಗೆ ಏರಿಸಿ. ಕೆಲವೇ ದಿನಗಳಲ್ಲಿ ಪ್ರತಿ ತೆನೆಯ ಕೆಳಗೆ ಎರಡೆರಡು ಹೊಸ ಕುಡಿ ಬರುತ್ತವೆ. ಅಷ್ಟಾದ ಮೇಲೆ ಮೆಣಸಿನ ಗಿಡಕ್ಕೆ, ದಾಸವಾಳಕ್ಕೆ, ಮಲ್ಲಿಗೆಗೆ ಹೋಗಿ. ಪ್ರತಿ ಗಿಡವೂ ಎಲ್ಲಿ ಹೂ ಬಿಡುತ್ತದೆಂದು ನೋಡಿಕೊಂಡೇ ಕೈ ಹಾಕಿ. ತೆಂಗು, ಅಡಿಕೆಯ ತಂಟೆಗೆ ಮಾತ್ರ ಹೋಗಬೇಡಿ. ಅವಕ್ಕಿರುವುದು ಒಂದೇ ಸುಳಿ, ಅದು ಹೋದರೆ ಮರವೇ ಹೋಯಿತು.